ಉತ್ತರ ಧ್ರುವದ ಮೇಲಣ ಆಕಾಶದಲ್ಲಿ ಹಠಾತ್ ಬಿಸಿ: ನಮ್ಮ ಕರಾವಳಿಯ ಸೆಕೆಗೂ ಅದಕ್ಕೂ ಸಂಬಂಧವುಂಟೇ?

ಶಂಕರಪುರದ ಮಲ್ಲಿಗೆ ತೋಟ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಶಂಕರಪುರದ ಹತ್ತಿರ ಮಲ್ಲಿಗೆ ಬೆಳೆಯುವವಳು. ನಾಲ್ಕು ದಿನಗಳಿಂದ ನಮ್ಮ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲೆ 30 ಕಿ.ಮೀ. ಎತ್ತರದಲ್ಲಿ ವಾರದೊಳಗೆ 50 ಡಿಗ್ರಿ ಬಿಸಿ ಏರುವುದುಂಟು, ಆ ಬಿಸಿ ಹದಿನೈದು ದಿನಗಳಲ್ಲಿ ಕೆಳಗಿಳಿದು ದಕ್ಷಿಣಕ್ಕೆ ಹರಿಯುತ್ತದೆ, ಈಗಿನ ಸೆಕೆಗೆ ಅದೇ ಕಾರಣ, ಆದ್ದರಿಂದ ಕರಾವಳಿಯ ತೋಟದವರು ದಿನಕ್ಕೆ ಎರಡು ಹೊತ್ತು ನೀರು ಬಿಡಬೇಕು ಎಂದು ಅದರಲ್ಲಿ ಬರೆದಿದ್ದಾರೆ. ಸೆಕೆ ಇರುವುದಂತೂ ನಿಜ. ಮೊನ್ನೆ ಬೆಳಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿಟ್ಟ ಚೆಂಡಿನ ಹೊರಸುತ್ತಿನ ಮೊಗ್ಗುಗಳು ಹನ್ನೊಂದು ಗಂಟೆಯೊಳಗೆ ಅಂಚಿನಲ್ಲಿ ಕಂದಿಹೋಗಿದ್ದವು. ಆದರೆ ನನ್ನ ಬಾವಿಯ ನೀರು ಮೇ ತಿಂಗಳವರೆಗೂ ಬರಬೇಕು. ಈಗಲೇ ಎರಡು ಹೊತ್ತು ಬಿಟ್ಟರೆ ಏಪ್ರಿಲ್‌ನಲ್ಲಿ ಗಿಡಕ್ಕೆ ಏನನ್ನು ಕೊಡಲಿ? ವಿಷಯ ತಿಳಿದವರು ದಯವಿಟ್ಟು ವಿವರಿಸಬೇಕು.

ಮಣಿಪಾಲದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ

ತಂಗಿ, ನಿಮಗೆ ತುರ್ತಾಗಿ ಬೇಕಾದ ಉತ್ತರವನ್ನು ಮೊದಲೇ ಹೇಳುತ್ತೇನೆ: ಈ ಸಂದೇಶವನ್ನು ನಂಬಿ ಬಾವಿಯ ನೀರನ್ನು ಖರ್ಚು ಮಾಡಬೇಡಿ. ಧ್ರುವದ ಮೇಲೆ ಹಾಗೆ ಹಠಾತ್ತನೆ ಬಿಸಿ ಏರುವುದು ನಿಜ, ದೊಡ್ಡ ಘಟನೆಗಳಲ್ಲಿ 50 ಡಿಗ್ರಿ ಎಂಬುದೂ ಉತ್ಪ್ರೇಕ್ಷೆಯಲ್ಲ. ಆದರೆ ಅದು ಕೆಳಗಿಳಿದು ಹೊಳೆಯಂತೆ ನಮ್ಮ ಕಡೆಗೆ ಹರಿಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಚಳಿಗಾಲದಲ್ಲಿ ಉತ್ತರ ಧ್ರುವಕ್ಕೆ ತಿಂಗಳುಗಟ್ಟಲೆ ಸೂರ್ಯನ ಬೆಳಕು ಬೀಳುವುದಿಲ್ಲ. ನೆಲದಿಂದ ಸುಮಾರು 10ರಿಂದ 50 ಕಿ.ಮೀ. ನಡುವಿನ ಪದರದಲ್ಲಿ ಶಾಖ ಹುಟ್ಟುವುದು ಅಲ್ಲಿಯ ಓಝೋನ್ ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವುದರಿಂದ. ಬೆಳಕೇ ಇಲ್ಲದ ಮೇಲೆ ಆ ಗಾಳಿ ತಣಿಯುತ್ತಾ ಹೋಗಿ ಸೊನ್ನೆಗಿಂತ 70–80 ಡಿಗ್ರಿಗಳಷ್ಟು ಕೆಳಗಿಳಿಯುತ್ತದೆ. ದಕ್ಷಿಣದಲ್ಲಿ ಇನ್ನೂ ಬಿಸಿಲು ಕಾಣುವ ಗಾಳಿಗೂ ಈ ತಣ್ಣನೆಯ ಗಾಳಿಗೂ ಇರುವ ವ್ಯತ್ಯಾಸ, ಅದರ ಜೊತೆಗೆ ಭೂಮಿಯ ತಿರುಗುವಿಕೆ, ಇವೆರಡೂ ಸೇರಿ ಧ್ರುವದ ಸುತ್ತ ಪಡುವಣದಿಂದ ಮೂಡಣಕ್ಕೆ ರಭಸದಿಂದ ಸುತ್ತುವ ಒಂದು ದೊಡ್ಡ ಸುಳಿಯನ್ನು ಕಟ್ಟುತ್ತವೆ. ಶರತ್ಕಾಲದಲ್ಲಿ ಹುಟ್ಟುವ ಈ ಧ್ರುವ ಸುಳಿ ವಸಂತದಲ್ಲಿ ಬಿಸಿಲು ಮರಳಿದಾಗ ತಾನಾಗಿ ಕರಗುತ್ತದೆ.

ಕೆಲವು ವರ್ಷ ಅದು ನಡುಚಳಿಗಾಲದಲ್ಲೇ ಕುಸಿಯುತ್ತದೆ. ಇದನ್ನು ಮೊದಲು ಕಂಡವರು ಬರ್ಲಿನ್ನಿನ ಹವಾಮಾನ ವಿಜ್ಞಾನಿ ರಿಚರ್ಡ್ ಶೆರ್‌ಹಾಗ್. 1952ರ ಆರಂಭದಲ್ಲಿ ಅವರು ಬಲೂನಿನಲ್ಲಿ ಕಟ್ಟಿ ಬಿಟ್ಟ ಉಪಕರಣಗಳು 30 ಕಿ.ಮೀ. ಆಸುಪಾಸಿನಲ್ಲಿ ಕೆಲವೇ ದಿನಗಳೊಳಗೆ ಹತ್ತಾರು ಡಿಗ್ರಿ ಏರಿಕೆಯನ್ನು ತೋರಿಸಿದವು, ಮತ್ತು ಬಹುಕಾಲ ಇದಕ್ಕೆ ‘ಬರ್ಲಿನ್ ವಿದ್ಯಮಾನ’ ಎಂದೇ ಹೆಸರಿತ್ತು. ಈಗ ಬಳಕೆಯಲ್ಲಿರುವ ಅಳತೆಗೋಲು ಗಾಳಿಯದು: 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ವಾಯುಭಾರ 10 ಹೆಕ್ಟೋಪ್ಯಾಸ್ಕಲ್ ಇರುವ ಎತ್ತರದಲ್ಲಿ (ಸುಮಾರು 30 ಕಿ.ಮೀ.), ಭೂಮಿಯ ಸುತ್ತಲಿನ ಸರಾಸರಿ ಪಡುವಣ ಗಾಳಿ ನಿಂತು ಮೂಡಣ ಗಾಳಿಯಾಗಿ ತಿರುಗಿದರೆ ಅದನ್ನು ಪ್ರಮುಖ ಹಠಾತ್ ತಾಪನ ಎನ್ನುತ್ತಾರೆ. ಉತ್ತರಾರ್ಧ ಗೋಳದಲ್ಲಿ ಇಂಥವು ಹತ್ತು ವರ್ಷಗಳಿಗೆ ಸರಾಸರಿ ಆರರಷ್ಟು ಸಂಭವಿಸುತ್ತವೆ.

ಆ 10 ಹೆಕ್ಟೋಪ್ಯಾಸ್ಕಲ್ ಎಂಬುದನ್ನು ಗಮನಿಸಬೇಕು. ಸಮುದ್ರಮಟ್ಟದ ವಾಯುಭಾರ ಸುಮಾರು 1,013. ಅಂದರೆ ವಾತಾವರಣದ ಶೇಕಡ 99 ಭಾಗ ಆ ಎತ್ತರಕ್ಕಿಂತ ಕೆಳಗಿದೆ, ಅಲ್ಲಿರುವ ಗಾಳಿ ಬಹಳ ತೆಳು. ಅಷ್ಟು ತೆಳುವಾದ ಗಾಳಿ 50 ಡಿಗ್ರಿ ಬಿಸಿಯಾದರೂ ಅದರಲ್ಲಿ ಅಡಗಿರುವ ಒಟ್ಟು ಶಾಖ ಅತ್ಯಲ್ಪ. ಅಲ್ಲದೆ ಸೊನ್ನೆಗಿಂತ 70 ಡಿಗ್ರಿ ಕೆಳಗಿದ್ದದ್ದು 50 ಡಿಗ್ರಿ ಏರಿದರೆ ಸೊನ್ನೆಗಿಂತ 20 ಡಿಗ್ರಿ ಕೆಳಗಿರುತ್ತದೆ. ನಾವು ಅದನ್ನು ಬಿಸಿ ಎಂದು ಕರೆದರೂ ಅದು ಹಿಮಕ್ಕಿಂತ ತಣ್ಣಗಿದೆ.

ಕುಂದಾಪುರದ ಶಿಕ್ಷಕಿ

ಮಾಷ್ಟ್ರೇ, ಇಲ್ಲಿ ಹೆಸರಿನ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಈ ಗೊಂದಲವನ್ನು ತರಗತಿಯಲ್ಲಿ ಪ್ರತಿ ವರ್ಷ ಎದುರಿಸುತ್ತೇನೆ. ನೀವು ವಿವರಿಸಿದ ಪದರವನ್ನು ನಮ್ಮ ಶಾಲಾ ಪುಸ್ತಕಗಳು ‘ಸಮೋಷ್ಣ ಮಂಡಲ’ ಎನ್ನುತ್ತವೆ. ಸಮ ಉಷ್ಣತೆ ಉಳ್ಳದ್ದು ಎಂದು ಅರ್ಥ. ಫ್ರಾನ್ಸಿನ ಟೆಸ್ಸೆರಾಂ ದ ಬೋರ್ ನೂರಾರು ಬಲೂನುಗಳನ್ನು ಹಾರಿಸಿ 1902ರಲ್ಲಿ ಈ ಪದರವನ್ನು ಲೋಕಕ್ಕೆ ತಿಳಿಸಿದಾಗ, ಅವರ ಬಲೂನುಗಳು ಮುಟ್ಟಿದ್ದ ಎತ್ತರದಲ್ಲಿ ಉಷ್ಣತೆ ಇಳಿಯುವುದು ನಿಂತು ಒಂದೇ ಸಮನಾಗಿದ್ದುದು ಕಂಡಿತ್ತು. ನಮ್ಮ ಕನ್ನಡ ಹೆಸರಿನಲ್ಲಿ ಆ ಮೊದಲ ನೋಟದ ಗುರುತು ಉಳಿದಿದೆ. ಇನ್ನೂ ಮೇಲೆ ಹೋದಂತೆ ಉಷ್ಣತೆ ಏರುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಇಡೀ ವಾತಾವರಣದಲ್ಲೇ ಅತ್ಯಂತ ರಭಸದ ಉಷ್ಣತೆಯ ಏರುಪೇರುಗಳಲ್ಲಿ ಒಂದು ನಡೆಯುವ ಪದರಕ್ಕೆ ಈ ಹೆಸರಿರುವುದರಿಂದ ಮಕ್ಕಳಿಗೆ ನಾನು ‘ಸ್ತರಗೋಳ’ ಎಂಬ ಪದವನ್ನೂ ಜೊತೆಯಲ್ಲೇ ಹೇಳಿಕೊಡುತ್ತೇನೆ. ಇಲ್ಲಿಯೂ ಅದನ್ನೇ ಬಳಸಿದರೆ ಒಳ್ಳೆಯದು.

ಶಂಕರಪುರದ ಮಲ್ಲಿಗೆ ತೋಟ

ಮಾಷ್ಟ್ರೇ, ನೀರಿನ ವಿಷಯದಲ್ಲಿ ಮನಸ್ಸಿಗೆ ಸಮಾಧಾನವಾಯಿತು. ಆದರೆ ಒಂದು ತಿಳಿಯಲಿಲ್ಲ. ಸೂರ್ಯನೇ ಇಲ್ಲದ ಕತ್ತಲೆಯಲ್ಲಿ ಆ ಬಿಸಿ ಎಲ್ಲಿಂದ ಬಂತು?

ಸುರತ್ಕಲ್‌ನ ವಿದ್ಯಾರ್ಥಿ

ಅಕ್ಕ, ನೀವು ಕೇಳಿದ ಈ ಪ್ರಶ್ನೆಗೆ ಉತ್ತರ ಸಿಗಲು ಶೆರ್‌ಹಾಗ್ ಅವರ ಅಳತೆಯ ನಂತರ ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಸೂರ್ಯನ ಮೇಲಿನ ಸ್ಫೋಟಗಳೇ ಕಾರಣವಿರಬಹುದೆಂಬ ಊಹೆಯೂ ಮೊದಲಿಗೆ ಇತ್ತು. ಕಾರಣ ಮೇಲಿನಿಂದ ಬರುವುದಲ್ಲ, ಕೆಳಗಿನಿಂದ ಏರುವುದು ಎಂದು 1971ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಜಪಾನಿನ ತಾರೋ ಮಾತ್ಸುನೊ.

ಪಡುವಣ ಗಾಳಿ ಹಿಮಾಲಯ, ಟಿಬೆಟ್ ಪ್ರಸ್ಥಭೂಮಿ, ಅಮೆರಿಕದ ರಾಕಿ ಪರ್ವತಗಳಂಥ ಅಡ್ಡಗೋಡೆಗಳನ್ನು ದಾಟುವಾಗ, ಮತ್ತು ತಣ್ಣನೆಯ ಖಂಡಗಳಿಂದ ಬೆಚ್ಚನೆಯ ಸಾಗರಗಳ ಮೇಲೆ ಹಾಯುವಾಗ, ಅದರ ಹರಿವು ಉತ್ತರಕ್ಕೂ ದಕ್ಷಿಣಕ್ಕೂ ಬಳುಕುತ್ತದೆ. ಒಂದೊಂದು ಬಳುಕು ಸಾವಿರಾರು ಕಿಲೋಮೀಟರ್ ಉದ್ದ. ಇಡೀ ಭೂಮಿಯ ಸುತ್ತ ಒಂದೋ ಎರಡೋ ಮಾತ್ರ ಹಿಡಿಯುವಷ್ಟು ದೊಡ್ಡವೂ ಇವೆ. ಇವನ್ನು ರಾಸ್‌ಬಿ ಅಲೆಗಳು ಎನ್ನುತ್ತಾರೆ. ಇವುಗಳಲ್ಲಿ ಅತಿ ದೊಡ್ಡವು ಮಾತ್ರ ಸ್ತರಗೋಳಕ್ಕೆ ಏರಬಲ್ಲವು, ಅದೂ ಅಲ್ಲಿ ಪಡುವಣ ಗಾಳಿ ಬೀಸುತ್ತಿದ್ದರೆ ಮಾತ್ರ ಎಂಬುದನ್ನು ಚಾರ್ನಿ ಮತ್ತು ಡ್ರೇಜಿನ್ 1961ರಲ್ಲೇ ತೋರಿಸಿದ್ದರು. ಬೇಸಿಗೆಯಲ್ಲಿ ಅಲ್ಲಿ ಮೂಡಣ ಗಾಳಿ ಇರುವುದರಿಂದ ಅಲೆಗೆ ದಾರಿಯಿಲ್ಲ, ಹಾಗಾಗಿ ಇದು ಚಳಿಗಾಲದ ಘಟನೆ.

ಮೇಲೇರಿದ ಅಲೆ ತೆಳುಗಾಳಿಯಲ್ಲಿ ಹಿಗ್ಗುತ್ತದೆ. ಆಳದ ನೀರಿನಲ್ಲಿ ಕಣ್ಣಿಗೇ ಕಾಣದಿದ್ದ ಅಲೆ ಮಲ್ಪೆಯ ತೀರದ ತೆಳುನೀರಿಗೆ ಬಂದಾಗ ಎದ್ದು ನಿಂತು ಒಡೆಯುವಂತೆ ಇದೂ ಒಡೆಯುತ್ತದೆ, ಒಡೆದಾಗ ಸುಳಿಯ ವೇಗಕ್ಕೆ ಎದುರಾಗಿ ತಳ್ಳುತ್ತದೆ. ಗಾಳಿ ನಿಧಾನವಾದೊಡನೆ ಸುಳಿಯ ಸಮತೋಲ ತಪ್ಪಿ, ಹೊರಗಿನ ಗಾಳಿ ಧ್ರುವದ ಕಡೆಗೆ ನುಗ್ಗಿ, ಅಲ್ಲಿ ಕೆಳಕ್ಕೆ ಕುಸಿಯುತ್ತದೆ. ಕುಸಿಯುವ ಗಾಳಿಯ ಮೇಲೆ ಒತ್ತಡ ಹೆಚ್ಚಿ ಅದು ಬಿಸಿಯಾಗುತ್ತದೆ, ಸೈಕಲ್ ಚಕ್ರಕ್ಕೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಕೈಗೆ ಬಿಸಿ ತಾಗುವ ಹಾಗೆ. ಪ್ರತಿ ಕಿಲೋಮೀಟರ್ ಇಳಿತಕ್ಕೆ ಒಣಗಾಳಿ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಹೊರಗಿನಿಂದ ಯಾರೂ ಬೆಂಕಿ ಹಚ್ಚಬೇಕಾಗಿಲ್ಲ.

ಅದಕ್ಕೆ ಪ್ರತಿಯಾಗಿ ನಮ್ಮ ಉಷ್ಣವಲಯದ ಸ್ತರಗೋಳದಲ್ಲಿ ಗಾಳಿ ಮೇಲೇರಿ ಒಂದೆರಡು ಡಿಗ್ರಿ ತಣ್ಣಗಾಗುತ್ತದೆ. ಹಾಗಾಗಿ ಧ್ರುವದಲ್ಲಿ ಬಿಸಿಯಾದಾಗ ನಮ್ಮ ತಲೆಯ ಮೇಲಿನ ಸ್ತರಗೋಳದಲ್ಲಿ ಆಗುವ ಬದಲಾವಣೆ ತಂಪಿನ ಕಡೆಗೆ, ಸಂದೇಶ ಬರೆದವರು ಹೇಳಿದ್ದಕ್ಕೆ ತದ್ವಿರುದ್ಧವಾಗಿ.

ಇನ್ನೊಂದು ವಿಷಯ. ಸುಳಿ ಕುಸಿಯುವುದರಲ್ಲಿ ಎರಡು ಬಗೆ: ಒಂದರಲ್ಲಿ ಅದು ಇಡಿಯಾಗಿ ಧ್ರುವದಿಂದ ಪಕ್ಕಕ್ಕೆ ಸರಿಯುತ್ತದೆ, ಇನ್ನೊಂದರಲ್ಲಿ ಎರಡಾಗಿ ಸೀಳುತ್ತದೆ. 2009ರ ಜನವರಿಯಲ್ಲಿ ಹೀಗೆ ಸೀಳಿತ್ತು. ದಕ್ಷಿಣ ಧ್ರುವದ ಸುತ್ತ ಹೆಚ್ಚಾಗಿ ಸಮುದ್ರವೇ ಇರುವುದರಿಂದ ಅಲ್ಲಿ ದೊಡ್ಡ ಅಲೆಗಳು ಬಲವಾಗಿ ಏಳುವುದಿಲ್ಲ. ದಾಖಲೆಯಲ್ಲಿರುವ ಒಂದೇ ಒಂದು ಪ್ರಮುಖ ಘಟನೆ 2002ರ ಸೆಪ್ಟೆಂಬರಿನದು, ಆಗ ಅಂಟಾರ್ಕ್ಟಿಕದ ಓಝೋನ್ ರಂಧ್ರವೇ ಎರಡು ಹೋಳಾಯಿತು.

ಬ್ರಹ್ಮಾವರದ ದಾದಿ

2018ರ ಫೆಬ್ರವರಿಯಲ್ಲಿ ನಾನು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ದಾದಿಯಾಗಿದ್ದೆ. ಚಳಿಗಾಲ ಮುಗಿಯಿತೆಂದು ದಪ್ಪ ಕೋಟನ್ನು ಒಗೆಯಲು ಹಾಕಿದ ವಾರವೇ ಮೂಡಣದಿಂದ ಅಂಥ ಗಾಳಿ ಬೀಸಿತು, ರಾತ್ರಿ ಪಾಳಿ ಮುಗಿಸಿ ಹೊರಗೆ ಬಂದಾಗ ಕಣ್ಣಿನ ನೀರು ರೆಪ್ಪೆಯಲ್ಲೇ ಗಟ್ಟಿಯಾದಂತೆ ಅನಿಸಿತ್ತು. ಇಡ್ಲಿಗೆ ರುಬ್ಬಿಟ್ಟ ಹಿಟ್ಟು ಎರಡು ದಿನವಾದರೂ ಹುಳಿ ಬರಲಿಲ್ಲ. ಪಾತ್ರೆಗೆ ಕಂಬಳಿ ಸುತ್ತಿ ಹೀಟರಿನ ಮಗ್ಗುಲಲ್ಲಿಟ್ಟರೂ ಉಬ್ಬಲಿಲ್ಲ. ಧ್ರುವದ ಮೇಲೆ ಬಿಸಿಯಾದ್ದರಿಂದ ನಮಗೆ ಚಳಿ ಎಂದು ಅಲ್ಲಿನ ಸುದ್ದಿಯಲ್ಲಿ ಹೇಳುತ್ತಿದ್ದರು. ಇದೇ ಘಟನೆಯೇ? ಬಿಸಿಯಿಂದ ಚಳಿ ಹೇಗಾಗುತ್ತದೆ?

ಮಣಿಪಾಲದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ

ಹೌದು, ಇದೇ. 2018ರ ಫೆಬ್ರವರಿ 12ರ ಸುಮಾರಿಗೆ ಸ್ತರಗೋಳದ ಗಾಳಿ ತಿರುಗಿತು, ಸುಳಿ ಸೀಳಿತು. ಅದೇ ತಿಂಗಳ ಕೊನೆಯ ವಾರದಲ್ಲಿ ಸೈಬೀರಿಯದ ಕಡೆಯ ಚಳಿ ಯುರೋಪಿನ ಮೇಲೆ ಬಂತು. ಬ್ರಿಟನ್ನಿನ ಪತ್ರಿಕೆಗಳು ಅದನ್ನು ‘ಮೂಡಣದ ಮೃಗ’ ಎಂದು ಕರೆದವು. ಫೆಬ್ರವರಿ 26ರಂದು ರೋಮ್ ನಗರದಲ್ಲೂ ಹಿಮ ಬಿತ್ತು.

ಸುಳಿ ಗಟ್ಟಿಯಾಗಿದ್ದಾಗ ಕೆಳಗಿನ ಪಡುವಣ ಗಾಳಿಯ ಹೊನಲೂ ಬಿಗಿಯಾಗಿ, ನೇರವಾಗಿ ಹರಿಯುತ್ತದೆ, ಧ್ರುವದ ಚಳಿ ಉತ್ತರದಲ್ಲೇ ಕಟ್ಟಿಬಿದ್ದಿರುತ್ತದೆ, ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಗಾಳಿ ಯುರೋಪಿಗೆ ಸಿಗುತ್ತದೆ. ಸುಳಿ ಕುಸಿದಾಗ ಮೇಲಿನ ದುರ್ಬಲತೆ ವಾರಗಳ ಅವಧಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಇಳಿಯುವುದು ಶಾಖವಲ್ಲ, ಗಾಳಿಯ ವ್ಯವಸ್ಥೆಯಲ್ಲಾದ ಬದಲಾವಣೆ. ಧ್ರುವದ ಮೇಲೆ ವಾಯುಭಾರ ಹೆಚ್ಚಿ, ಹೊನಲು ದಕ್ಷಿಣಕ್ಕೆ ಸರಿದು, ಕಟ್ಟಿಬಿದ್ದಿದ್ದ ಚಳಿಗೆ ದಾರಿ ತೆರೆಯುತ್ತದೆ. ಈ ಪರಿಣಾಮ ಎರಡು ತಿಂಗಳವರೆಗೂ ಉಳಿಯಬಹುದೆಂದು 2001ರಲ್ಲಿ ಬಾಲ್ಡ್ವಿನ್ ಮತ್ತು ಡಂಕರ್ಟನ್ ತೋರಿಸಿದರು. ಮುನ್ಸೂಚನೆ ನೀಡುವವರಿಗೆ ಇದು ಅಮೂಲ್ಯ, ಏಕೆಂದರೆ ಹತ್ತು ದಿನಗಳಾಚೆ ಸಾಮಾನ್ಯ ಮುನ್ಸೂಚನೆ ಮಸುಕಾಗುವ ಹೊತ್ತಿಗೆ ಇದು ಒಂದು ಹಿಡಿಗಂಬ ಕೊಡುತ್ತದೆ. ಆದರೂ ಪ್ರತಿ ಘಟನೆಯ ನಂತರ ನೆಲದಲ್ಲಿ ಚಳಿ ಬಂದೇ ಬರುತ್ತದೆ ಎನ್ನುವಂತಿಲ್ಲ. ಸ್ಪಷ್ಟವಾಗಿ ಕೆಳಗಿಳಿಯುವುದು ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ.

ಈ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರವಾಗುವುದು ಇಲ್ಲೇ. ಯುರೋಪಿನ ಚಳಿಯ ಬಗ್ಗೆ ಬರೆದ ಎಚ್ಚರಿಕೆಯನ್ನು ಯಾರೋ ತಿರುಚಿ, ‘ಬಿಸಿ’ ಎಂಬ ಒಂದೇ ಪದವನ್ನು ಹಿಡಿದು, ಬಾವಿಯ ನೀರನ್ನು ಅಳೆದು ಬಳಸುವ ಒಬ್ಬ ತಾಯಿಗೆ ಕಳುಹಿಸಿದ್ದಾರೆ.

ಕಾರ್ಕಳದ ಗೇರು ಬೆಳೆಗಾರ

ಎಲ್ಲವನ್ನೂ ಒಪ್ಪಿದೆ. ಹಾಗಾದರೆ ನಮ್ಮ ಜನವರಿಯ ಮಧ್ಯಾಹ್ನ ಇಷ್ಟು ಉರಿಯುವುದೇಕೆ? ಗೇರು ಹೂ ಬಿಡುವ ಕಾಲ ಇದು, ನಾವೂ ಚಿಂತೆಯಲ್ಲಿದ್ದೇವೆ.

ಮಣಿಪಾಲದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ

ಕಾರಣ ನಿಮ್ಮ ಮನೆಯ ಮೂಡಣ ದಿಕ್ಕಿನಲ್ಲೇ ಇದೆ. ಈ ತಿಂಗಳುಗಳಲ್ಲಿ ಘಟ್ಟದ ಮೇಲಿನಿಂದ ಒಣ ಮೂಡಣ ಗಾಳಿ ಬೀಸುತ್ತದೆ. ಆಗುಂಬೆ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸೋಮೇಶ್ವರದ ಕಡೆಗೆ ಇಳಿಯುವ ಗಾಳಿ, ವಿದ್ಯಾರ್ಥಿ ಹೇಳಿದ ಅದೇ ಲೆಕ್ಕದಲ್ಲಿ, ಬುಡ ತಲುಪುವಾಗ ಸುಮಾರು 6 ಡಿಗ್ರಿ ಬಿಸಿಯಾಗಿರುತ್ತದೆ. ಧ್ರುವದ ಮೇಲೆ ಸ್ತರಗೋಳದಲ್ಲಿ ನಡೆಯುವುದರ ಭೌತಶಾಸ್ತ್ರವೂ ಘಟ್ಟದ ಇಳಿಜಾರಿನಲ್ಲಿ ನಡೆಯುವುದರ ಭೌತಶಾಸ್ತ್ರವೂ ಒಂದೇ. ಆದರೆ ಎರಡೂ ಬೇರೆ ಬೇರೆ ಘಟನೆಗಳು, ಒಂದು ಇನ್ನೊಂದಕ್ಕೆ ಕಾರಣವಲ್ಲ. ಮೂಡಣ ಗಾಳಿ ಬಲವಾಗಿದ್ದ ದಿನ ಕಡಲಗಾಳಿ ಒಳನಾಡಿಗೆ ಬರುವುದು ತಡವಾಗುತ್ತದೆ. ಹನ್ನೊಂದಕ್ಕೆ ಬರಬೇಕಾದದ್ದು ಎರಡು ಗಂಟೆಗೆ ಬಂದರೆ ನಡುವಿನ ಮೂರು ಗಂಟೆಗಳಲ್ಲಿ ಮೋಡವಿಲ್ಲದ ಬಿಸಿಲು ತನ್ನ ಕೆಲಸ ಮಾಡಿರುತ್ತದೆ.

ಕಾರ್ಕಳದ ಗೇರು ಬೆಳೆಗಾರ

ಕ್ಷಮಿಸಿ ಮಾಷ್ಟ್ರೇ, ಒಂದು ಆಕ್ಷೇಪವಿದೆ. ಮೂಡಣ ಗಾಳಿ ಬೀಸಿದ ದಿನಗಳಲ್ಲೇ ನಮ್ಮಲ್ಲಿ ಬೆಳಗಿನ ಜಾವ ಚಳಿ ಹೆಚ್ಚು. ಇಳಿಯುವ ಗಾಳಿ ಬಿಸಿಯಾಗುವುದಾದರೆ ಆ ಚಳಿ ಎಲ್ಲಿಂದ?

ಮಣಿಪಾಲದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ

ಆಕ್ಷೇಪ ಸರಿಯಾಗಿದೆ, ನಾನು ಹಗಲಿನ ಮಾತನ್ನು ಮಾತ್ರ ಹೇಳಿ ಬಿಟ್ಟಿದ್ದೆ. ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಗಾಳಿಯಲ್ಲಿ ತೇವವೂ ಮೇಲೆ ಮೋಡವೂ ಇದ್ದರೆ ಅದರಲ್ಲಿ ಬಹುಪಾಲು ಹಿಂದಕ್ಕೆ ಬರುತ್ತದೆ. ಮೂಡಣ ಗಾಳಿ ಒಣಗಾಳಿಯಾದ್ದರಿಂದ ಆ ಹೊದಿಕೆ ಇಲ್ಲ. ನೆಲಕ್ಕೆ ಅಂಟಿದ ಗಾಳಿ ತಣಿದು ತಗ್ಗಿನಲ್ಲಿ ನಿಲ್ಲುತ್ತದೆ, ಘಟ್ಟದಿಂದ ಇಳಿದ ಬೆಚ್ಚನೆಯ ಗಾಳಿ ಅದರ ಮೇಲಿಂದ ಹಾದುಹೋಗುತ್ತದೆ. ಬಿಸಿಲೇರಿ ಎರಡೂ ಬೆರೆತ ಮೇಲೆ ನಿಮಗೆ ಉರಿ ತಿಳಿಯುತ್ತದೆ.

ಮಲ್ಪೆ ಬಂದರಿನ ಬೋಟಿನವರು

ನಮ್ಮ ಬೋಟಿನಲ್ಲಿ ಜಿಪಿಎಸ್, ವೈರ್‌ಲೆಸ್ ಎರಡೂ ಇವೆ. ಈ ಘಟನೆಯಿಂದ ಇನ್ನೂ ಮೇಲಿನ ಆಕಾಶದಲ್ಲಿ ರೇಡಿಯೋ ಅಲೆಗಳಿಗೆ ವ್ಯತ್ಯಾಸವಾಗುತ್ತದೆ ಎಂದು ಕೇಳಿದ್ದೇನೆ. ಅದರಲ್ಲಿ ಹುರುಳಿದೆಯೇ?

ಸುರತ್ಕಲ್‌ನ ವಿದ್ಯಾರ್ಥಿ

ಇದೆ ಅಣ್ಣ, ಮತ್ತು ನಮ್ಮ ದಕ್ಷಿಣ ಭಾರತಕ್ಕೆ ನಿಜವಾಗಿ ತಟ್ಟುವ ಭಾಗ ಇದೊಂದೇ ಎಂದು ನನ್ನ ಅಭಿಪ್ರಾಯ. ಭೂಮಿಯ ಕಾಂತ ಸಮಭಾಜಕ ರೇಖೆ, ಎಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ರೇಖೆ, ನಮ್ಮ ಪರ್ಯಾಯ ದ್ವೀಪದ ತುದಿಯ ಬಳಿ ಹಾದುಹೋಗುತ್ತದೆ. ತಿರುವನಂತಪುರದ ಹತ್ತಿರದ ತುಂಬಾ ಎಂಬ ಮೀನುಗಾರರ ಊರನ್ನು ರಾಕೆಟ್ ಕೇಂದ್ರಕ್ಕೆ ಆರಿಸಿ, 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿಸಿದ್ದು ಆ ಕಾರಣಕ್ಕಾಗಿಯೇ. ಈ ರೇಖೆಯ ಮೇಲೆ, 105 ಕಿ.ಮೀ. ಆಸುಪಾಸಿನ ಎತ್ತರದಲ್ಲಿ, ಹಗಲು ಹೊತ್ತು ಮೂಡಣಕ್ಕೆ ಹರಿಯುವ ಒಂದು ವಿದ್ಯುತ್ ಹೊನಲಿದೆ. ಧ್ರುವದಲ್ಲಿ ಹಠಾತ್ ತಾಪನವಾದ ಚಳಿಗಾಲಗಳಲ್ಲಿ ಈ ಹೊನಲು ಬೆಳಗ್ಗೆ ಬಲಗೊಂಡು, ಮಧ್ಯಾಹ್ನದ ನಂತರ ದುರ್ಬಲವಾಗಿ, ಕೆಲವೊಮ್ಮೆ ಪಡುವಣಕ್ಕೆ ತಿರುಗುವುದನ್ನು ತಿರುನೆಲ್ವೇಲಿಯ ಕಾಂತಮಾಪಕಗಳು ದಾಖಲಿಸಿವೆ. ಅದಕ್ಕೆ ತಕ್ಕಂತೆ ಮೇಲಿನ ಅಯಾನು ಮಂಡಲದಲ್ಲಿ, ಎಂದರೆ ಬಿಸಿಲಿನಿಂದ ವಿದ್ಯುದಾವೇಶಗೊಂಡ ಕಣಗಳಿರುವ ಪದರದಲ್ಲಿ, ಎಲೆಕ್ಟ್ರಾನುಗಳ ಪ್ರಮಾಣವೂ ಏರಿಳಿಯುತ್ತದೆ. 2009ರ ಜನವರಿಯಲ್ಲಿ ಸೂರ್ಯ ಬಹಳ ಶಾಂತನಾಗಿದ್ದುದರಿಂದ ಈ ಏರಿಳಿತ ಬೇರೆ ಗದ್ದಲವಿಲ್ಲದೆ ಸ್ವಚ್ಛವಾಗಿ ಕಂಡಿತು. ಜಿಪಿಎಸ್ ಸಂಕೇತ ಆ ಪದರವನ್ನು ದಾಟಿಯೇ ನಿಮ್ಮ ಬೋಟಿಗೆ ಬರುತ್ತದೆ. ಆದರೆ ಪ್ರತಿ ದಿನದ ಬಿಸಿಲಿನಿಂದಲೇ ಆ ಪದರ ಬಹಳಷ್ಟು ಬದಲಾಗುತ್ತಿರುವುದರಿಂದ ನೀವು ಬೇರೆ ಎಚ್ಚರಿಕೆ ವಹಿಸಬೇಕಾದ್ದೇನಿಲ್ಲ.

ನಿಮಗೆ ಹಿಡಿಸುವ ಸಂಗತಿ ಇನ್ನೊಂದಿದೆ. ಚಂದ್ರ ಕಡಲನ್ನು ಎಳೆಯುವಂತೆ ವಾತಾವರಣವನ್ನೂ ಎಳೆಯುತ್ತಾನೆ. ಗಾಳಿಯಲ್ಲಿನ ಈ ಉಬ್ಬರವಿಳಿತ ಸಾಮಾನ್ಯವಾಗಿ ಬಹಳ ಸಣ್ಣದು. ಹಠಾತ್ ತಾಪನದ ಸಮಯದಲ್ಲಿ ಸ್ತರಗೋಳದ ಗಾಳಿ ಬದಲಾಗುವುದರಿಂದ ಅದು ಬಲಗೊಳ್ಳುತ್ತದೆ. ಹಾಗಾಗಿ ಆ ವಿದ್ಯುತ್ ಹೊನಲು ತಿರುಗುವ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುತ್ತದೆ, ನಿಮ್ಮ ಅಳಿವೆಯಲ್ಲಿ ನೀರೇರುವ ಹೊತ್ತು ತಿಥಿಯಿಂದ ತಿಥಿಗೆ ಮುಂದೆ ಹೋಗುವ ಹಾಗೆಯೇ.

ಮಲ್ಪೆ ಬಂದರಿನ ಬೋಟಿನವರು

ಅಮಾವಾಸ್ಯೆ ಹುಣ್ಣಿಮೆಯ ಲೆಕ್ಕ ನೂರು ಕಿಲೋಮೀಟರ್ ಮೇಲೆಯೂ ನಡೆಯುತ್ತದೆ ಎಂಬುದನ್ನು ಇಂದೇ ತಿಳಿದೆ. ತಂದೆಯವರಿಗೆ ಓದಿ ಹೇಳುತ್ತೇನೆ.

ಶಂಕರಪುರದ ಮಲ್ಲಿಗೆ ತೋಟ

ಎಲ್ಲರಿಗೂ ಕೃತಜ್ಞತೆಗಳು. ಮಾಷ್ಟ್ರ ಮೊದಲ ಉತ್ತರವನ್ನು ನಮ್ಮ ಬೆಳೆಗಾರರ ಗುಂಪಿಗೆ ಹಾಗೆಯೇ ಕಳುಹಿಸಿದ್ದೇನೆ. ನಾನು ಸಂಜೆ ಒಂದು ಹೊತ್ತಿನ ನೀರನ್ನೇ ಮುಂದುವರಿಸಿ, ಬುಡಕ್ಕೆ ತರಗೆಲೆಯ ಹೊದಿಕೆಯನ್ನು ಇನ್ನಷ್ಟು ದಪ್ಪ ಮಾಡುತ್ತೇನೆ. ನನ್ನ ಮಗಳು ಇದನ್ನೆಲ್ಲ ಓದಿ, 30 ಕಿ.ಮೀ. ಹೋಗುವ ಬಲೂನನ್ನು ನಮ್ಮ ಕಡೆ ಎಲ್ಲಾದರೂ ನೋಡಬಹುದೇ ಎಂದು ಕೇಳುತ್ತಿದ್ದಾಳೆ.

ಪಣಂಬೂರಿನ ನಿವಾಸಿ

ನೋಡಬಹುದು. ನಮ್ಮ ಪಣಂಬೂರಿನಲ್ಲೇ ಹವಾಮಾನ ಇಲಾಖೆಯ ಬಲೂನು ಕೇಂದ್ರವಿದೆ. ಲೋಕದ ಎಲ್ಲ ಕೇಂದ್ರಗಳಿಗೂ ನಿಗದಿಯಾದ ಹೊತ್ತು ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಮತ್ತು ಸಂಜೆ 5:30. ಬಲೂನು ಏರಲು ಸಮಯ ಬೇಕಾದ್ದರಿಂದ ಅದಕ್ಕಿಂತ ಸ್ವಲ್ಪ ಮೊದಲೇ ಬಿಡುತ್ತಾರೆ. ಬೆಳಗ್ಗೆ ಕತ್ತಲೆ, ಆದ್ದರಿಂದ ಸಂಜೆ ನೋಡಬೇಕು. ಬಿಳಿಯ ಬಲೂನು, ಅದರ ಕೆಳಗೆ ಉದ್ದನೆಯ ದಾರ, ದಾರದ ತುದಿಯಲ್ಲಿ ಅಂಗೈಯಷ್ಟಗಲದ ಪೆಟ್ಟಿಗೆ. ಉಷ್ಣತೆ, ತೇವ, ಗಾಳಿಯ ಲೆಕ್ಕವನ್ನು ರೇಡಿಯೋ ಮೂಲಕ ಕಳುಹಿಸುವುದು ಆ ಪೆಟ್ಟಿಗೆಯೇ. ನಿಮಿಷಕ್ಕೆ ಸುಮಾರು 300 ಮೀಟರ್ ಏರುತ್ತದೆ. ಮೇಲೆ ಹೋದಂತೆ ಹಿಗ್ಗುತ್ತಾ ಹೋಗಿ ಕೊನೆಗೆ ಒಡೆಯುತ್ತದೆ.

ನಾನು ಕಳೆದ ವಾರ ಬೀಚಿನಲ್ಲಿ ನಿಂತು ನೋಡಿದೆ. ಮೊದಲು ಕಡಲಗಾಳಿಗೆ ಸಿಕ್ಕಿ ಬಲೂನು ಹೆದ್ದಾರಿಯ ಕಡೆಗೆ, ಮೂಡಣಕ್ಕೆ ವಾಲಿಕೊಂಡು ಏರಿತು. ಮೂರು ನಾಲ್ಕು ನಿಮಿಷ ಕಳೆದ ಮೇಲೆ ಒಂದು ಎತ್ತರದಲ್ಲಿ ಅದರ ಸರಿದಾಟ ನಿಂತಂತೆ ಕಂಡಿತು. ಆಮೇಲೆ ಮೆಲ್ಲನೆ ದಿಕ್ಕು ಬದಲಿಸಿ ನಮ್ಮ ತಲೆಯ ಮೇಲೆಯೇ ಹಾದು ಕಡಲಿನ ಕಡೆಗೆ ಹೋಯಿತು. ಮಾಷ್ಟ್ರು ಹೇಳಿದ ಘಟ್ಟದ ಗಾಳಿ ಅಲ್ಲಿಂದ ಮೇಲೆ ಬೀಸುತ್ತಿತ್ತು. ಮಗಳನ್ನು ಐದು ಗಂಟೆಯೊಳಗೆ ಕರೆದುಕೊಂಡು ಬನ್ನಿ, ಬೈನಾಕ್ಯುಲರ್ ಇದ್ದರೆ ತನ್ನಿ. ಅದು ತಿರುಗುವ ಹೊತ್ತಿಗೆ ಬರಿಗಣ್ಣಿಗೆ ಚುಕ್ಕಿಯಷ್ಟೇ ಉಳಿದಿರುತ್ತದೆ.